ಕನಿಕರವೋ, ಕರುಳೋ? ಸಮಾರಿಯದವನ ಸಾಮತಿಯ ನಮ್ಮ ಓದನ್ನು ಕುರಿತು

ಪೂಜಾವಿಧಿಯ 'ಸಿ' ವರ್ಷದ ಸಾಧಾರಣ ಕಾಲದ ಹದಿನೈದನೆಯ ಭಾನುವಾರ ನಮ್ಮ ದೇವಾಲಯಗಳಲ್ಲಿ ಓದುವ ಶುಭಸಂದೇಶ ಸಂತ ಲೂಕನ ಹತ್ತನೆಯ ಅಧ್ಯಾಯದ 25ರಿಂದ 37ರವರೆಗಿನ ವಚನಗಳು. ಪ್ರಬೋಧನೆಗೆ ಇದಕ್ಕಿಂತ ಸುಲಭವಾದ ಪಠ್ಯ ಇನ್ನೊಂದಿಲ್ಲವೆಂಬ ಭಾವನೆ ಯಾಜಕರಾದ ನಮ್ಮಲ್ಲಿ ಬೇರೂರಿದೆ. ಕಥೆಯನ್ನು ಎಲ್ಲರೂ ಬಲ್ಲರು. ಅಲ್ಲಿ ಮೆಚ್ಚತಕ್ಕವನು ಯಾರು, ಹಳಿಯತಕ್ಕವರು ಯಾರು ಎಂಬುದರಲ್ಲಿ ಸಂಶಯವಿಲ್ಲ. ಕೊನೆಯ ಆಜ್ಞೆಯೂ ಸ್ಪಷ್ಟ. ಹೀಗಾಗಿ ಶನಿವಾರ ರಾತ್ರಿ ಹೆಚ್ಚಿನ ಸಿದ್ಧತೆಯಿಲ್ಲದೆಯೇ ಭಾನುವಾರ ಬೆಳಿಗ್ಗೆ ನಾವು, ಕಷ್ಟದಲ್ಲಿರುವವರಿಗೆ ಕನಿಕರ ತೋರಿಸಿರಿ, ಅದೇ ನಿಮ್ಮ ವಿಶ್ವಾಸದ ಅಭಿವ್ಯಕ್ತಿ ಎಂದು ಹೇಳಿ ವಿಶ್ವಾಸಪ್ರಮಾಣಕ್ಕೆ ಎದ್ದು ನಿಲ್ಲುತ್ತೇವೆ. ಹಲವು ವರ್ಷ ನಾನೂ ಹಾಗೆಯೇ ಹೇಳಿದ್ದೇನೆ. ಈ ಲೇಖನದಲ್ಲಿ ವಿಮರ್ಶೆಗೆ ಒಳಪಡಿಸಲು ಹೊರಟಿರುವುದು ಆ ವಾಕ್ಯವನ್ನೇ. ಅದರಲ್ಲಿ 'ಕನಿಕರ' ಎಂಬ ನಾಮಪದ, 'ತೋರಿಸು' ಎಂಬ ಕ್ರಿಯಾಪದ, 'ಅಭಿವ್ಯಕ್ತಿ' ಎಂಬ ದೇವಶಾಸ್ತ್ರೀಯ ಪರಿಭಾಷೆ, ಮೂರೂ ನನಗೆ ಈಗ ತೊಡಕಾಗಿ ಕಾಣುತ್ತಿವೆ.

ತೊಡಕು ಆರಂಭವಾದದ್ದು ಗ್ರಂಥಾಲಯದಲ್ಲಲ್ಲ. ಕೆಲವು ವರ್ಷಗಳ ಹಿಂದೆ ಒಂದು ಉಪಕೇಂದ್ರದ ಸಂಜೆಯ ಬೈಬಲ್ ಕೂಟದಲ್ಲಿ, ಓದು ಬಾರದ ಒಬ್ಬ ಅಜ್ಜಿಯನ್ನು, ಈಗ ಕೇಳಿದ ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದು ಕೇಳಿದೆ. ಆಕೆ ಚೆನ್ನಾಗಿಯೇ ಹೇಳುತ್ತಾ ಬಂದರು. ಯಾಜಕ ಹೋದ, ಲೇವಿಯನೂ ಹೋದ. ಸಮಾರಿಯದವನು ಬಂದಾಗ ಆಕೆಯ ಧ್ವನಿ ಬದಲಾಯಿತು: "ನೋಡಿದ್ದೇ ತಡ, ಅವನ ಕರುಳು ತಡೀಲಿಲ್ಲ ಸ್ವಾಮಿ." ನಾನು ಮೃದುವಾಗಿಯೇ ತಿದ್ದಿದೆ: "ಕನಿಕರಪಟ್ಟ ಎಂದು ಬರೆದಿದೆ ಅಜ್ಜಿ." ಆಕೆ ತಲೆಯಾಡಿಸಿ, "ಹೂಂ, ಅದೇ" ಎಂದು ಮುಂದುವರಿಸಿದರು. ಆ ರಾತ್ರಿ ಏನೋ ಅನುಮಾನ ಬಂದು ಗ್ರೀಕ್ ಹೊಸ ಒಡಂಬಡಿಕೆಯನ್ನು ತೆರೆದೆ. ತಿದ್ದಿಸಿಕೊಳ್ಳಬೇಕಾಗಿದ್ದವನು ನಾನು.

ಲೂಕನು ಅಲ್ಲಿ ಬಳಸಿರುವ ಪದ 'ಎಸ್ಪ್ಲಾಂಖ್ನಿಸ್ಥೇ'. ಅದರ ಮೂಲ 'ಸ್ಪ್ಲಾಂಖ್ನಾ', ಅಂದರೆ ಒಡಲೊಳಗಿನ ಅಂಗಗಳು. ಇದು ಕೇವಲ ಅಲಂಕಾರವೆಂದು ಯಾರಾದರೂ ತಿಳಿದರೆ ಅದೇ ಲೂಕನ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯವನ್ನು ನೋಡಬೇಕು. ಯೂದನ ಸಾವಿನ ವರ್ಣನೆಯಲ್ಲಿ (1:18) ಹೊಟ್ಟೆಯೊಡೆದು ಹೊರಬೀಳುವುದು ಇದೇ ಸ್ಪ್ಲಾಂಖ್ನಾ. ಒಂದೇ ಲೇಖನಿಯ ಎರಡು ಕೃತಿಗಳಲ್ಲಿ, ಒಂದೆಡೆ ನೆಲಕ್ಕೆ ಸುರಿಯುವ ಮಾಂಸ, ಇನ್ನೊಂದೆಡೆ ಹಾದಿಯಲ್ಲಿ ಬಿದ್ದವನನ್ನು ಕಂಡಾಗ ಒಳಗೆ ಅಲುಗಿದ ಮಾಂಸ. ನಮ್ಮ ಅಜ್ಜಿಗೆ ಗ್ರೀಕ್ ಬರುತ್ತಿರಲಿಲ್ಲ, ಕನ್ನಡ ಬರುತ್ತಿತ್ತು. ಅಷ್ಟು ಸಾಕಾಯಿತು.

ಇಲ್ಲಿ ಪಂಡಿತರೊಬ್ಬರು ಆಕ್ಷೇಪಿಸಬಹುದು, ಆಕ್ಷೇಪ ನ್ಯಾಯವಾದದ್ದೂ ಹೌದು. ಪ್ರಾಚೀನ ಗ್ರೀಕರಲ್ಲಿ ಸ್ಪ್ಲಾಂಖ್ನಾ ಎಂದರೆ ಕಟ್ಟುನಿಟ್ಟಾಗಿ ಕರುಳಲ್ಲ. ಬಲಿಪಶುವಿನ ಹೃದಯ, ಯಕೃತ್ತು, ಶ್ವಾಸಕೋಶ, ಮೂತ್ರಪಿಂಡ ಇಂಥ ಮೇಲ್ದರ್ಜೆಯ ಅಂಗಗಳು. ಕರುಳಿಗೆ ಅವರಲ್ಲಿ ಬೇರೆ ಪದವಿತ್ತು. ಒಪ್ಪಿದೆ. ಆದರೆ ಅನುವಾದಕನ ಕೆಲಸ ಅಂಗರಚನಾಶಾಸ್ತ್ರವನ್ನು ಒಪ್ಪಿಸುವುದಲ್ಲ. ತನ್ನ ಭಾಷೆಯಲ್ಲಿ ಮರುಕವು ದೇಹದ ಯಾವ ಭಾಗದಲ್ಲಿ ಹುಟ್ಟುತ್ತದೆಂದು ಜನ ನಂಬಿದ್ದಾರೋ ಆ ಭಾಗವನ್ನು ಗುರುತಿಸುವುದು ಅವನ ಕೆಲಸ. ಕನ್ನಡದಲ್ಲಿ ಅದು ಎದೆಯೂ ಅಲ್ಲ, ತಲೆಯಂತೂ ಅಲ್ಲವೇ ಅಲ್ಲ. ಕರುಳು ಚುರುಕ್ಕೆನ್ನುತ್ತದೆ, ಕರುಳು ಹಿಂಡಿದಂತಾಗುತ್ತದೆ, ಕರುಳು ಕಿತ್ತು ಬರುತ್ತದೆ. ನಿರ್ದಯಿಯನ್ನು ಕರುಳಿಲ್ಲದವನು ಎನ್ನುತ್ತೇವೆ. ಹಿಬ್ರೂ ಭಾಷೆಯಲ್ಲಿ ದೇವರ ಕರುಣೆಗಿರುವ 'ರಖಾಮೀಮ್' ಎಂಬ ಪದ ಗರ್ಭವನ್ನು ಸೂಚಿಸುವ 'ರೆಖೆಮ್' ಎಂಬುದರ ಬಂಧು. ನಮ್ಮಲ್ಲಿ 'ಹೆತ್ತ ಕರುಳು' ಎಂಬ ಮಾತಿದೆ. ಹಿಬ್ರೂವಿನ ಗರ್ಭ ಮತ್ತು ಗ್ರೀಕಿನ ಒಡಲು, ಎರಡನ್ನೂ ಒಂದೇ ಪದದಲ್ಲಿ ಹಿಡಿಯಬಲ್ಲ ಭಾಗ್ಯ ಎಷ್ಟು ಭಾಷೆಗಳಿಗಿದೆಯೋ ಕಾಣೆ. ಕನ್ನಡಕ್ಕೆ ಇದೆ. ಆದರೂ ನಮ್ಮ ಬೈಬಲ್‌ಗಳಲ್ಲಿ, ಲೂಕನು ಈ ಕ್ರಿಯಾಪದವನ್ನು ಬಳಸುವ ಮೂರು ಪ್ರಮುಖ ಸ್ಥಳಗಳಲ್ಲಿ, ಅಂದರೆ ನಾಯಿನ್ ಊರಿನ ವಿಧವೆಯ ಎದುರು (7:13), ಈ ಸಾಮತಿಯಲ್ಲಿ (10:33), ದಾರಿತಪ್ಪಿದ ಮಗನ ತಂದೆಯ ಪ್ರಸಂಗದಲ್ಲಿ (15:20), ನಮಗೆ ಪರಿಚಿತವಾಗಿರುವುದು 'ಕನಿಕರ'ವೇ.

ಇದಕ್ಕಾಗಿ ಹಿಂದಿನವರನ್ನು ದೂಷಿಸುವ ಇಚ್ಛೆ ನನಗಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಶಬ್ದಕೋಶವೂ ಸರಿಯಾಗಿಲ್ಲದ ಕಾಲದಲ್ಲಿ ಕನ್ನಡ ಬೈಬಲ್ ಕೆಲಸಕ್ಕೆ ಕೈಹಾಕಿದವರು; ಕಿಟ್ಟೆಲ್ಲರ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ. ಮೇಲಾಗಿ ಈ ಸಂಕೋಚ ನಮ್ಮದಷ್ಟೇ ಅಲ್ಲ. ಲತೀನ್ ವುಲ್ಗಾತಾ ಜಕರೀಯನ ಗೀತೆಯಲ್ಲಿಯೂ (ಲೂಕ 1:78) ಯೊವಾನ್ನನ ಮೊದಲ ಪತ್ರದಲ್ಲಿಯೂ (3:17) ಒಡಲಿನ ಅಂಗಗಳನ್ನು ಹಾಗೆಯೇ ಉಳಿಸಿಕೊಂಡು, ಸಮಾರಿಯದವನ ಬಳಿಗೆ ಬಂದಾಗ ಮಾತ್ರ ಸಭ್ಯವಾದ ಭಾವವಾಚಕವೊಂದಕ್ಕೆ ಸರಿಯಿತು. 1611ರ ಇಂಗ್ಲಿಷ್ ಭಾಷಾಂತರವು ಯೊವಾನ್ನನ ಪತ್ರದಲ್ಲಿ ಕರುಳನ್ನು ಉಳಿಸಿತ್ತು. ಮುಂದಿನ ತಲೆಮಾರಿನ ಇಂಗ್ಲಿಷ್ ಓದುಗರು ಅದಕ್ಕೆ ನಾಚಿಕೊಂಡರು. ಆ ನಾಚಿಕೆಗೆ ಅವರ ಭಾಷೆಯಲ್ಲಿ ಕಾರಣವಿದ್ದಿರಬಹುದು. ಕನ್ನಡದಲ್ಲಿ ಕರುಳು ಎಂದರೆ ಯಾವ ತಾಯಿಯೂ ನಾಚುವುದಿಲ್ಲ.

ಪದದ ಬದಲಾವಣೆಯಿಂದ ನಷ್ಟವಾದದ್ದೇನು? ವ್ಯಾಕರಣದಿಂದಲೇ ನೋಡೋಣ. ಕನಿಕರವನ್ನು ತೋರಿಸಬಹುದು, ತೋರಿಸದೆ ಇರಬಹುದು. ಅದು ತೋರಿಸುವವನ ಸ್ವತ್ತು. ಅದನ್ನು ಪಡೆಯುವವನು ಬೇಡವೆನ್ನಲೂಬಹುದು. "ನಿನ್ನ ಕನಿಕರ ನನಗೆ ಬೇಕಿಲ್ಲ" ಎಂಬ ಮಾತನ್ನು ಎಷ್ಟು ಸಲ ಕೇಳಿಲ್ಲ! ಕರುಳನ್ನು ಮಾತ್ರ ಯಾರೂ ತೋರಿಸುವುದಿಲ್ಲ. 'ಕರುಳು ತೋರಿಸಿದನು' ಎಂಬ ವಾಕ್ಯವೇ ಕನ್ನಡದಲ್ಲಿ ಅಸಾಧ್ಯ. ಅಲ್ಲಿ ಕರ್ತೃಪದ ಕರುಳೇ ಆಗಿರುತ್ತದೆ. ಮನುಷ್ಯನು ಅದಕ್ಕೆ ಒಳಗಾಗುತ್ತಾನೆ. ಗ್ರೀಕ್ ಕ್ರಿಯಾಪದವೂ ರೂಪದಲ್ಲಿ ಕರ್ಮಣಿಯೇ. ಹಾದಿಯಲ್ಲಿ ಬಿದ್ದವನನ್ನು ಮೂವರೂ ನೋಡಿದರು. 'ನೋಡಿ' ಎಂಬ ಪದವನ್ನು ಲೂಕನು ಮೂವರಿಗೂ ತಪ್ಪದೆ ಕೊಟ್ಟಿದ್ದಾನೆ. ಮೂರನೆಯವನಿಗೆ ಏನೋ ಸಂಭವಿಸಿತು. ಅವನು ಅದನ್ನು ಮಾಡಲಿಲ್ಲ, ತೋರಿಸಲಂತೂ ಇಲ್ಲ. ತೋರಿಸುವುದಕ್ಕೆ ಆ ಹಾದಿಯಲ್ಲಿ ನೋಡುವವರಾದರೂ ಯಾರಿದ್ದರು?

ಈ ವ್ಯತ್ಯಾಸ ಕೇವಲ ವ್ಯಾಕರಣದ್ದಲ್ಲವೆಂದು ನನಗೆ ಮನವರಿಕೆಯಾದದ್ದು ಒಂದು ಛಾಯಾಚಿತ್ರದಿಂದ. 2020ರ ಲಾಕ್‌ಡೌನ್ ಕಾಲದಲ್ಲಿ ನಾನು ನೆರವಾಗುತ್ತಿದ್ದ ಧರ್ಮಕೇಂದ್ರವೊಂದರಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ಹಂಚಿದೆವು. ಕೆಲಸ ಅಗತ್ಯವಾಗಿತ್ತು, ಚೀಲಗಳಲ್ಲಿ ಮೋಸವಿರಲಿಲ್ಲ, ಯುವಕರು ಬೆವರು ಸುರಿಸಿದ್ದರು. ಹಿಂದೆ ಬ್ಯಾನರ್ ಕಟ್ಟಿತ್ತು. ಅದರ ಮೇಲೆ ಕ್ರಿಸ್ತನ ಕನಿಕರವನ್ನು ಕುರಿತ ದಪ್ಪಕ್ಷರದ ಸಾಲು. ನಮ್ಮವರೇ ಆದ ಒಬ್ಬ ಹೆಣ್ಣುಮಗಳು ಚೀಲ ತೆಗೆದುಕೊಳ್ಳುವಾಗ ಅದನ್ನು ಎದೆಗಿಂತ ಮೇಲಕ್ಕೆ, ಮುಖಕ್ಕೆ ಅಡ್ಡವಾಗಿ ಹಿಡಿದಳು. "ಚೀಲ ಸ್ವಲ್ಪ ಕೆಳಗಿಳಿಸಿ ಅಮ್ಮಾ, ಮುಖ ಕಾಣಲಿ" ಎಂಬ ಮಾತು ಬಂತು. ಆಕೆ ಇಳಿಸಿದಳು. ಚಿತ್ರ ಚೆನ್ನಾಗಿ ಬಂದಿದೆ. ಅದರಲ್ಲಿ ನಾನು ಚೀಲದ ಇನ್ನೊಂದು ತುದಿಯನ್ನು ಹಿಡಿದು ನಗುತ್ತಿದ್ದೇನೆ. ಎಡಗೈಗೆ ಬಲಗೈಯ ಸುದ್ದಿ ತಿಳಿಯಬಾರದೆಂಬ ಮತ್ತಾಯನ ಆರನೆಯ ಅಧ್ಯಾಯ ಆ ದಿನ ನನಗೆ ನೆನಪಾಗಲಿಲ್ಲವೆಂದೇನಲ್ಲ. ದಾನಿಗಳಿಗೆ ಲೆಕ್ಕ ಕೊಡಬೇಕಲ್ಲ ಎಂದು ಸಮಾಧಾನ ಹೇಳಿಕೊಂಡೆ. ಲೆಕ್ಕ ಕೊಡಬೇಕಾದದ್ದು ನಿಜ. ಚೀಲಗಳ ಲೆಕ್ಕ ಸಾಕಾಗುತ್ತಿತ್ತು, ಮುಖದ ಲೆಕ್ಕ ಬೇಕಿರಲಿಲ್ಲ. ತನ್ನ ಸ್ವಂತ ತಂಗಿಗೆ ಅಕ್ಕಿ ಕೊಡುವವನು ಛಾಯಾಚಿತ್ರ ತೆಗೆಸುವುದಿಲ್ಲ. ಕನಿಕರ ಮತ್ತು ಕರುಳಿನ ನಡುವಿನ ಅಂತರ ಅಷ್ಟೇ, ಅಷ್ಟೊಂದು.

ಇನ್ನು ಯಾಜಕ ಮತ್ತು ಲೇವಿಯರ ಕುರಿತು ನಾವು ಹೇಳುವ ಮಾತುಗಳನ್ನು ಪರಿಶೀಲಿಸಬೇಕು, ಏಕೆಂದರೆ ನಮ್ಮ ಪ್ರಬೋಧನೆಗಳ ದೊಡ್ಡ ದೋಷ ಇರುವುದು ಅಲ್ಲಿ. ಮೈಲಿಗೆಯ ಭಯದಿಂದ ಅವರು ದೂರ ಸರಿದರು, ಯೆಹೂದ್ಯರ ಶುದ್ಧಾಚಾರವು ಅವರ ಕರುಣೆಯನ್ನು ಕೊಂದಿತು ಎಂಬುದು ನಮ್ಮ ಸಿದ್ಧ ವಿವರಣೆ. ಲೂಕನು ಇಂಥ ಕಾರಣವನ್ನೇ ಕೊಡುವುದಿಲ್ಲ. ಯಾಜಕನು ಆ ದಾರಿಯಲ್ಲಿ ಇಳಿದು ಬರುತ್ತಿದ್ದನೆಂದು ಅವನು ಹೇಳುತ್ತಾನೆ. ಜೆರುಸಲೇಮಿನಿಂದ ಜೆರಿಕೋವಿಗೆ ಸುಮಾರು ಸಾವಿರ ಮೀಟರ್ ಇಳಿಜಾರಿನ, ಇಪ್ಪತ್ತೈದು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಳಿಯುವವನು ಮಹಾದೇವಾಲಯದ ಕಡೆಗೆ ಹೋಗುತ್ತಿರುವವನಲ್ಲ, ಅಲ್ಲಿಂದ ಹಿಂದಿರುಗುತ್ತಿರುವವನು. ಸೇವೆಗೆ ಅಡ್ಡಿಯಾದೀತೆಂಬ ನೆಪವೂ ಅವನಿಗಿಲ್ಲ. ಶವದ ಬಗೆಗಿನ ನಿಯಮ ಇರುವುದು ಯಾಜಕಕಾಂಡದ 21ನೆಯ ಅಧ್ಯಾಯದಲ್ಲಿ. ಅದು ಯಾಜಕರಿಗೆ ಅನ್ವಯಿಸುತ್ತದೆ, ಲೇವಿಯರಿಗಲ್ಲ. ಅಲ್ಲದೆ ಹಾದಿಯಲ್ಲಿ ಬಿದ್ದವನು ಸತ್ತಿರಲಿಲ್ಲ.

ಆ ಅಧ್ಯಾಯವನ್ನು ಇನ್ನಷ್ಟು ನಿಧಾನವಾಗಿ ಓದಿದರೆ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಸಂಗತಿಯೊಂದು ಸಿಗುತ್ತದೆ. ಯಾಜಕನು ಶವವನ್ನು ಮುಟ್ಟಿ ಮೈಲಿಗೆಯಾಗಬಾರದು. ಆದರೆ ತಾಯಿ, ತಂದೆ, ಮಗ, ಮಗಳು, ಸಹೋದರ, ಮದುವೆಯಾಗದ ಸಹೋದರಿ, ಇವರಿಗಾಗಿ ಆಗಬಹುದು. ಇದು ಕರುಳಬಳ್ಳಿಯ ಪಟ್ಟಿ. ಮಹಾಯಾಜಕನಿಗಾದರೋ ಇಷ್ಟೂ ರಿಯಾಯಿತಿಯಿಲ್ಲ. ತಂದೆತಾಯಿಗಳಿಗಾಗಿಯೂ ಅವನು ಮೈಲಿಗೆಯಾಗುವಂತಿಲ್ಲ. ರಬ್ಬಿಗಳು ಈ ನಿಯಮವನ್ನು ಚರ್ಚಿಸುತ್ತಾ ಮಿಷ್ನಾದ 'ನಾಜೀರ್' ಭಾಗದಲ್ಲಿ (7:1) ಒಂದು ಅದ್ಭುತವಾದ ತೀರ್ಮಾನಕ್ಕೆ ಬಂದರು: ಹೂಳುವವರು ಯಾರೂ ಇಲ್ಲದ ಅನಾಥ ಶವವೊಂದು ದಾರಿಯಲ್ಲಿ ಸಿಕ್ಕರೆ ಮಹಾಯಾಜಕನೂ ಮೈಲಿಗೆಯಾಗಿ ಅದನ್ನು ಹೂಳಬೇಕು. ಹೆತ್ತವರಿಗಾಗಿ ಮಾಡಬಾರದ್ದನ್ನು ಆ ಅಪರಿಚಿತನಿಗಾಗಿ ಮಾಡಬೇಕು. ಯಾರ ಕರುಳಬಳ್ಳಿಯೂ ಇಲ್ಲದವನಿಗೆ ದಾರಿಹೋಕನೇ ಕರುಳಬಳ್ಳಿ. ಮಿಷ್ನಾ ಬರಹರೂಪಕ್ಕೆ ಬಂದದ್ದು ಯೇಸುಸ್ವಾಮಿಯ ಕಾಲದ ನಂತರ ನಿಜ. ಆದರೆ ಆ ಸಂಪ್ರದಾಯದ ಮನಸ್ಸು ಯಾವ ಕಡೆ ವಾಲಿತ್ತೆಂಬುದು ಇದರಿಂದ ಗೊತ್ತಾಗುತ್ತದೆ. ಯೆಹೂದಿ ವಿದ್ವಾಂಸೆ ಏಮಿ-ಜಿಲ್ ಲೆವೀನ್ ಹೊಸ ಒಡಂಬಡಿಕೆಯ ಸಾಮತಿಗಳ ಮೇಲಿನ ತಮ್ಮ 2014ರ ಗ್ರಂಥದಲ್ಲಿ ನಮ್ಮ ಪ್ರಬೋಧನೆಗಳ ಈ ಚಾಳಿಯನ್ನು ಖಂಡಿಸಿರುವುದು ಸರಿಯಾಗಿಯೇ ಇದೆ. ಯಾಜಕನ ತಪ್ಪನ್ನು ಅವನ ಧರ್ಮಶಾಸ್ತ್ರದ ಮೇಲೆ ಹೊರಿಸಿದಾಗ ನಾವು ಎರಡು ಪಾಪ ಮಾಡುತ್ತೇವೆ. ನೆರೆಯ ಧರ್ಮವೊಂದರ ಮೇಲೆ ಸುಳ್ಳು ಸಾಕ್ಷಿ ಹೇಳುತ್ತೇವೆ; ಜೊತೆಗೆ, ನಮಗೆ ಆ ಶುದ್ಧಾಚಾರ ಇಲ್ಲವಾದ್ದರಿಂದ ಆ ತಪ್ಪೂ ನಮ್ಮದಲ್ಲವೆಂದು ಬಿಡುಗಡೆ ಹೊಂದುತ್ತೇವೆ.

ಹಾಗಾದರೆ ಅವರೇಕೆ ಸರಿದು ಹೋದರು? ಭಯವಿದ್ದಿರಬಹುದು. ಕಳ್ಳರು ಇನ್ನೂ ಅಲ್ಲೇ ಇದ್ದಿರಬಹುದು, ಬಿದ್ದವನೇ ಬಲೆಯಾಗಿದ್ದಿರಬಹುದು. ಮಾರ್ಟಿನ್ ಲೂಥರ್ ಕಿಂಗ್ 1968ರ ಏಪ್ರಿಲ್ 3ರಂದು, ತಮ್ಮ ಹತ್ಯೆಯ ಹಿಂದಿನ ರಾತ್ರಿ, ಮೆಂಫಿಸ್‌ನಲ್ಲಿ ಪೌರಕಾರ್ಮಿಕರ ಪರವಾಗಿ ಮಾತನಾಡುತ್ತಾ ಈ ದಾರಿಯ ಅಪಾಯವನ್ನು ನೆನೆದು, ಯಾಜಕ ಮತ್ತು ಲೇವಿಯರನ್ನು ಅಂಥ ಭಯಪಟ್ಟ ಮನುಷ್ಯರನ್ನಾಗಿ ಕಂಡರು. ಅದು ನನಗೆ ಮೈಲಿಗೆಯ ವಿವರಣೆಗಿಂತ ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ. ಭಯ ನಮಗೂ ಗೊತ್ತು. ನಮ್ಮ ಹೆದ್ದಾರಿಗಳಲ್ಲಿ ರಕ್ತದ ಮಡುವಿನಲ್ಲಿ ಬಿದ್ದವರ ಸುತ್ತ ಜನ ನಿಂತು ನೋಡುವುದು ಕ್ರೌರ್ಯದಿಂದಲೇ ಅಲ್ಲ. ಪೊಲೀಸ್ ಠಾಣೆ, ಆಸ್ಪತ್ರೆಯ ಬಿಲ್ಲು, ನ್ಯಾಯಾಲಯದ ಅಲೆದಾಟ ಅವರ ಕಣ್ಣ ಮುಂದೆ ಬರುತ್ತವೆ. ಇದನ್ನು ಅರಿತೇ ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್‌ನಲ್ಲಿ, ನೆರವಾದವರನ್ನು ಪೀಡಿಸಬಾರದೆಂಬ, ಹೆಸರು ಹೇಳುವಂತೆ ಒತ್ತಾಯಿಸಬಾರದೆಂಬ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ನಮ್ಮ ರಾಜ್ಯದ ವಿಧಾನಮಂಡಲವು ಅದೇ ವರ್ಷ ಅಂಗೀಕರಿಸಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಅಧಿನಿಯಮದ ಹೆಸರಿನಲ್ಲಿಯೇ ಸಮಾರಿಯದವನಿದ್ದಾನೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅವನು 134ಎ ಪ್ರಕರಣವಾಗಿ ಸೇರಿಕೊಂಡ. ಲೂಕನ ಪಾತ್ರವೊಂದು ಕರ್ನಾಟಕದ ಶಾಸನದೊಳಗೆ ಹೀಗೆ ನಿಂತಿರುವಾಗ, ನಮ್ಮ ಪ್ರಬೋಧನೆಗಳಲ್ಲಿ ಅದರ ಪ್ರಸ್ತಾಪವೇ ಬರುವುದಿಲ್ಲವೆಂಬುದು ಸೋಜಿಗ. ಕಾನೂನು ಕರುಳನ್ನು ಕೊಡಲಾರದು, ಸರಿ. ಆದರೆ ಕರುಳಿನ ಬಾಯಿಗೆ ಒತ್ತಿದ್ದ ಕೈಯನ್ನು ತೆಗೆಯಬಲ್ಲುದು. ಭಾನುವಾರ ದೇವಾಲಯದಿಂದ ವಾಹನಗಳಲ್ಲಿ ಹೊರಡುವ ಜನಕ್ಕೆ ಇದನ್ನು ತಿಳಿಸುವುದೂ ಶುಭಸಂದೇಶದ ಸೇವೆಯೇ.

ಈಗ ಕರುಳು ಎಂಬ ಪದದ ವಿರುದ್ಧ ಹೇಳಬಹುದಾದ ಅತಿ ಬಲವಾದ ಮಾತಿಗೆ ಬರುತ್ತೇನೆ. ಅದನ್ನು ಹೇಳಿದವನು ನನ್ನ ತರಗತಿಯ ಒಬ್ಬ ವಿದ್ಯಾರ್ಥಿ. ಅವನು ಎದ್ದು ನಿಂತು, "ಫಾದರ್, ಕರುಳು ಒಳ್ಳೆಯ ಪದವಲ್ಲ. ಅದು ಜಾತಿಯ ಪದ" ಎಂದ. ತರಗತಿ ಸ್ತಬ್ಧವಾಯಿತು. ಅವನು ಯಾವ ಹಿನ್ನೆಲೆಯಿಂದ ಬಂದವನೆಂಬುದು ಎಲ್ಲರಿಗೂ ಗೊತ್ತಿತ್ತು, ಆ ಬಗ್ಗೆ ಯಾರೂ ಮಾತನಾಡುತ್ತಿರಲಿಲ್ಲ. ಅವನ ವಾದ ಸರಳ: ಕರುಳು ಮಿಡಿಯುವುದು ನಮ್ಮವರಿಗೆ, ಕರುಳಸಂಬಂಧ, ಕರುಳಿನ ಕುಡಿ ಎಂದು ನಾವು ಹೇಳುವುದು ರಕ್ತಕ್ಕೆ, ರಕ್ತದ ಎಲ್ಲೆಯನ್ನು ಕಾಯುವುದೇ ಜಾತಿ. ಕನಿಕರವಾದರೂ ಹೊರಗಿನವನ ತನಕ ಬರುತ್ತದೆ, ಮೇಲಿನಿಂದ ಬಂದರೂ ಬರುತ್ತದೆ. ಕರುಳು ಮನೆಯ ಹೊಸಿಲನ್ನೇ ದಾಟುವುದಿಲ್ಲ.

ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಒಂದೇ ಪಾತ್ರೆಯಿಂದ ಪ್ರಸಾದ ಸ್ವೀಕರಿಸುವವರು ಮದುವೆಯ ಮಾತುಕತೆ ಬಂದಾಗ ಏನನ್ನು ವಿಚಾರಿಸುತ್ತಾರೆಂದು ಬಲ್ಲವನು ಆ ಹುಡುಗನಿಗೆ ಥಟ್ಟನೆ ಉತ್ತರ ಕೊಡಲೂ ಬಾರದು. ಆದರೆ ಮುಂದೆ ಯೋಚಿಸಿದಂತೆ, ಅವನು ಪದದ ದೋಷವೆಂದು ತೋರಿಸಿದ್ದೇ ಸಾಮತಿಯ ಸಿಡಿಮದ್ದೆಂದು ನನಗೆ ಅನ್ನಿಸತೊಡಗಿತು. ಈ ಕಥೆಗಿಂತ ಒಂದೇ ಅಧ್ಯಾಯದ ಹಿಂದೆ (9:52-54) ಸಮಾರಿಯದ ಹಳ್ಳಿಯೊಂದು ಯೇಸುವಿಗೆ ತಂಗಲು ಸ್ಥಳ ಕೊಡುವುದಿಲ್ಲ. ಯಕೋಬ ಮತ್ತು ಯೊವಾನ್ನರು ಆಕಾಶದಿಂದ ಬೆಂಕಿ ಸುರಿಸಲೇ ಎಂದು ಕೇಳುತ್ತಾರೆ. ಸುಡಬೇಕೆಂದಿದ್ದ ಆ ಜನರೊಳಗಿಂದಲೇ ಒಬ್ಬನನ್ನು ಎತ್ತಿಕೊಂಡು, ರಕ್ತಸಂಬಂಧಿಗಳಲ್ಲಿ ಮಾತ್ರ ಹುಟ್ಟತಕ್ಕ ಆ ಒಡಲಿನ ಅಲುಗಾಟವನ್ನು ಯೇಸು ಅವನೊಳಗೆ, ಅದೂ ಶತ್ರುವಿನ ದೇಹವನ್ನು ಕಂಡಾಗ, ಹುಟ್ಟಿಸುತ್ತಾರೆ. ಸಮಾರಿಯದವನು ಮೇಲಿನಿಂದ ಕನಿಕರಿಸಿದ್ದರೆ ಧರ್ಮಶಾಸ್ತ್ರಜ್ಞನಿಗೆ ಅಷ್ಟೇನೂ ಕಷ್ಟವಾಗುತ್ತಿರಲಿಲ್ಲ. ಅವನ ಕರುಳು ಮಿಡಿಯಿತು ಎಂದರೆ ಹಾದಿಯಲ್ಲಿ ಬಿದ್ದ ಯೆಹೂದ್ಯನು ಅವನಿಗೆ ಒಡಹುಟ್ಟಿದವನಾದನೆಂದು ಅರ್ಥ. ಇದನ್ನು ಸಹಿಸುವುದು ಕಷ್ಟ. ಕೊನೆಯಲ್ಲಿ ನೆರೆಯವನಾದವನು ಯಾರೆಂದು ಕೇಳಿದಾಗ ಧರ್ಮಶಾಸ್ತ್ರಜ್ಞನು 'ಸಮಾರಿಯದವನು' ಎಂದು ಉಚ್ಚರಿಸುವುದಿಲ್ಲವೆಂಬುದನ್ನು ಎಲ್ಲರೂ ಗಮನಿಸಿದ್ದಾರೆ. ಅವನು ಇನ್ನೊಂದು ಪದವನ್ನೂ ತಪ್ಪಿಸಿಕೊಂಡ. ಯೇಸು ಹೇಳಿದ ಒಡಲಿನ ಪದವನ್ನು ಬಿಟ್ಟು, 'ಎಲೆಯೋಸ್' ಮಾಡಿದವನು ಎಂದ; ಅಂದರೆ ದಯೆ ಮಾಡಿದವನು. ಎಲೆಯೋಸ್ ಹಗುರವಾದ ಪದವಲ್ಲ, ಒಡಂಬಡಿಕೆಯ ನಿಷ್ಠಾಪ್ರೀತಿಯಾದ 'ಹೆಸೆದ್'ನ ಭಾರ ಅದರ ಬೆನ್ನಿಗಿದೆ. ಬಸವಣ್ಣನವರಿಂದಾಗಿ 'ದಯೆ'ಗೆ ಕನ್ನಡದಲ್ಲಿ ಬಂದಿರುವ ತೂಕವನ್ನೂ ನಾನು ಮರೆತಿಲ್ಲ. ಆದರೂ ಅವನ ಬಾಯಲ್ಲಿ ಆ ಬದಲಾವಣೆ ಒಂದು ಹೆಜ್ಜೆ ಹಿಂದೆ ಸರಿದಂತೆ ನನಗೆ ಕೇಳಿಸುತ್ತದೆ. ನಮ್ಮ ಅನುವಾದಗಳು 33ನೆಯ ವಚನದಲ್ಲಿಯೇ ಕನಿಕರಕ್ಕೆ ಇಳಿದು, ಆ ಧರ್ಮಶಾಸ್ತ್ರಜ್ಞನಿಗೆ ಅವನಿಗೂ ಮೊದಲೇ ದಾರಿ ಮಾಡಿಕೊಟ್ಟಿವೆ.

ಸಂತ ಪೌಲನಾದರೋ ಹಿಂದೆ ಸರಿಯಲಿಲ್ಲ. ಫಿಲೆಮೋನನಿಗೆ ಬರೆದ ಆ ಪುಟ್ಟ ಪತ್ರದಲ್ಲಿ ಸ್ಪ್ಲಾಂಖ್ನಾ ಮೂರು ಬಾರಿ ಬರುತ್ತದೆ (7, 12, 20). ನಡುವಿನದು ಬೆರಗುಗೊಳಿಸುವಂಥದ್ದು: ಯಜಮಾನನ ಬಳಿಗೆ ಹಿಂದಿರುಗಿಸುತ್ತಿರುವ ಗುಲಾಮ ಒನೇಸಿಮನನ್ನು ಪೌಲನು ನೇರವಾಗಿ ತನ್ನ ಸ್ಪ್ಲಾಂಖ್ನಾ ಎಂದೇ ಕರೆಯುತ್ತಾನೆ. ಎರಡು ವಚನಗಳ ಹಿಂದೆ ಅವನನ್ನು ಸೆರೆಯಲ್ಲಿ ತಾನು ಹೆತ್ತ ಮಗು ಎಂದಿದ್ದಾನೆ. ಕನ್ನಡದಲ್ಲಿ ಇದಕ್ಕೆ 'ನನ್ನ ಕರುಳಿನ ಕುಡಿ' ಎಂಬುದಕ್ಕಿಂತ ತಕ್ಕ ಮಾತಿಲ್ಲ. ಗುಲಾಮನೊಬ್ಬನಿಗೆ ಕನಿಕರ ತೋರಿಸೆಂದು ಫಿಲೆಮೋನನಿಗೆ ಬರೆದಿದ್ದರೆ ಅವನು ಸಂತೋಷದಿಂದ ತೋರಿಸುತ್ತಿದ್ದ, ಒನೇಸಿಮನು ಗುಲಾಮನಾಗಿಯೇ ಉಳಿಯುತ್ತಿದ್ದ. ಪೌಲನು ಅವನನ್ನು ಕುಟುಂಬದೊಳಕ್ಕೆ ಹುಟ್ಟಿಸಿ ಕಳಿಸಿದ. ನನ್ನ ವಿದ್ಯಾರ್ಥಿಗೆ ನಾನು ತಡವಾಗಿ ಕೊಟ್ಟ ಉತ್ತರ ಇದು: ಕರುಳು ಜಾತಿಯ ಪದವಾಗಿರುವುದರಿಂದಲೇ ಅದು ನಮಗೆ ಬೇಕು. ಜಾತಿ ಕಾಯುತ್ತಿರುವ ಬಾಗಿಲನ್ನು ಕನಿಕರವು ಹೊರಗಿನಿಂದ ತಟ್ಟಿ, ಒಂದು ಚೀಲವನ್ನಿಟ್ಟು ಹಿಂದಿರುಗುತ್ತದೆ. ಅವನು ಪೂರ್ತಿ ಒಪ್ಪಿದನೆಂದು ಹೇಳಲಾರೆ. "ಹಾಗೆ ಪ್ರಬೋಧನೆ ಮಾಡಿ ನೋಡಿ ಫಾದರ್" ಎಂದಷ್ಟೇ ಹೇಳಿದ.

ಇನ್ನು 'ವಿಶ್ವಾಸದ ಅಭಿವ್ಯಕ್ತಿ'. ಈ ಪರಿಭಾಷೆ ತಪ್ಪಲ್ಲ. ಪ್ರೀತಿಯ ಮೂಲಕ ಕಾರ್ಯಶೀಲವಾಗುವ ವಿಶ್ವಾಸದ ಬಗ್ಗೆ ಪೌಲನೇ ಗಲಾತ್ಯರಿಗೆ ಬರೆದಿದ್ದಾನೆ (5:6). ಬಟ್ಟೆಯಿಲ್ಲದ, ಹಸಿದ ಸಹೋದರನಿಗೆ ಶುಭ ಹಾರೈಸಿ ಕಳಿಸುವವರನ್ನು ಯಕೋಬನು ಬಿಡದೆ ಕುಟುಕಿದ್ದಾನೆ (2:15-16). ಆದರೆ ನಾವು ಆಯ್ದುಕೊಂಡ ಸಾಮತಿಯೇ ಈ ಪರಿಭಾಷೆಗೆ ಅಡ್ಡ ನಿಲ್ಲುತ್ತದೆ. ಸರಿಯಾದ ವಿಶ್ವಾಸವಿದ್ದವರು ಇಬ್ಬರು. ಅವರು ದಾಟಿ ಹೋದರು. ಕರುಳು ಮಿಡಿದದ್ದು, ಜೆರುಸಲೇಮಿನವರ ಕಣ್ಣಿನಲ್ಲಿ ಪಾಷಂಡಿಯಾದವನಿಗೆ. ಮತ್ತಾಯನ 25ನೆಯ ಅಧ್ಯಾಯದಲ್ಲಿಯೂ ಬಲಗಡೆ ನಿಂತವರು, ನಾವು ನಿಮ್ಮನ್ನು ಕಂಡದ್ದಾದರೂ ಯಾವಾಗ ಎಂದು ಬೆರಗಾಗಿ ಕೇಳುತ್ತಾರೆ. ತಾವು ಏನನ್ನೋ ಅಭಿವ್ಯಕ್ತಿಸುತ್ತಿದ್ದೇವೆಂದು ಅವರಿಗೆ ತಿಳಿದೇ ಇರಲಿಲ್ಲ. ಹಸಿದವನ ಮುಂದೆ ನಿಂತು ನನ್ನ ವಿಶ್ವಾಸವನ್ನು ಅಭಿವ್ಯಕ್ತಿಸುತ್ತಿದ್ದೇನೆಂದು ಎಣಿಸುವವನು ಹಸಿದವನನ್ನು ಪರದೆಯಾಗಿಸಿಕೊಳ್ಳುತ್ತಾನೆ. ನಮ್ಮ ಬ್ಯಾನರ್ ಇದ್ದದ್ದು ಆ ಪರದೆಯ ಮೇಲೆ. ಪೋಪ್ ಹದಿನಾರನೆಯ ಬೆನೆಡಿಕ್ಟರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ, ಸೇವಾಕಾರ್ಯವು ಮತಪ್ರಸಾರದ ಸಾಧನವಾಗಬಾರದೆಂದು ಎಚ್ಚರಿಸಿದ್ದರ ಹಿಂದೆ ಇರುವುದೂ ಇದೇ ಆತಂಕ.

ಹಾಗಾದರೆ ವಿಶ್ವಾಸಕ್ಕೂ ಇದಕ್ಕೂ ಸಂಬಂಧವೇನು? ಇಲ್ಲಿ ನಾವು ಹಳತೆಂದು ಬದಿಗಿಟ್ಟ ಓದೊಂದು ನೆರವಿಗೆ ಬರುತ್ತದೆ. ಒರಿಜನ್ ಮತ್ತು ಸಂತ ಅಗಸ್ಟೀನ್ ಈ ಸಾಮತಿಯನ್ನು ರೂಪಕವಾಗಿ ಓದಿದರು: ಬಿದ್ದವನು ಆದಾಮ, ಸಮಾರಿಯದವನು ಕ್ರಿಸ್ತ, ಛತ್ರವು ಧರ್ಮಸಭೆ. ಜರ್ಮನ್ ವಿದ್ವಾಂಸ ಯೂಲಿಖರ್ 1888ರಲ್ಲಿ ತಮ್ಮ ಸಾಮತಿಗಳ ಅಧ್ಯಯನವನ್ನು ಪ್ರಕಟಿಸತೊಡಗಿದ ಮೇಲೆ ಇಂಥ ಓದು ವಿದ್ವತ್ಪ್ರಪಂಚದಲ್ಲಿ ಮಾನ ಕಳೆದುಕೊಂಡಿತು. ಎರಡು ನಾಣ್ಯಗಳಿಗೂ ಛತ್ರದವನಿಗೂ ಗೂಢಾರ್ಥ ಹುಡುಕುವ ಅತಿರೇಕವನ್ನು ನಾನೂ ಸಮರ್ಥಿಸಲಾರೆ. ಆದರೆ ಆ ಓದಿನಲ್ಲಿ ಒಂದು ಗುಣವಿತ್ತು: ಕೇಳುಗನನ್ನು ಅದು ಕತ್ತೆಯ ಪಕ್ಕದಲ್ಲಲ್ಲ, ಹಳ್ಳದಲ್ಲಿ ಇರಿಸುತ್ತಿತ್ತು. ಪಠ್ಯದಲ್ಲಿ ಅದಕ್ಕೆ ಆಧಾರವೂ ಇದೆ. ನಮ್ಮ ಕ್ರಿಯಾಪದ ಮೊದಲ ಮೂರು ಶುಭಸಂದೇಶಗಳಲ್ಲಿ ಹನ್ನೆರಡು ಬಾರಿ ಬರುತ್ತದೆ. ಸಾಮತಿಗಳಲ್ಲಿ ಬರುವ ಮೂರನ್ನು ಬಿಟ್ಟರೆ ಉಳಿದೆಡೆಯೆಲ್ಲ ಅದು ಯೇಸುವಿಗೆ ಮೀಸಲು. ಆ ಮೂರರಲ್ಲಿ ಎರಡು, ಸಾಲ ಮನ್ನಾ ಮಾಡುವ ಒಡೆಯನಿಗೂ ಓಡಿ ಬರುವ ತಂದೆಗೂ, ಅಂದರೆ ದೇವರ ಚಿತ್ರಗಳಿಗೇ ಸಂದಿವೆ. ಉಳಿದದ್ದು ಸಮಾರಿಯದವನಿಗೆ. ದೇವರ ಕರುಳಿನ ಪದವನ್ನು ಲೂಕನು ಒಬ್ಬ ಪರಕೀಯನಿಗೆ ತೊಡಿಸಿದ್ದಾನೆ. (ಮಾರ್ಕ 1:41ರಲ್ಲಿ, ಕುಷ್ಠರೋಗಿಯ ಎದುರು, ಬೇಜೆ ಹಸ್ತಪ್ರತಿಯು ಈ ಪದದ ಬದಲು ಯೇಸು ಕೋಪಗೊಂಡರು ಎನ್ನುತ್ತದೆ. ಅನ್ಯಾಯ ಕಂಡಾಗ 'ಹೊಟ್ಟೆ ಉರಿಯಿತು' ಎನ್ನುವ ಕನ್ನಡಿಗನಿಗೆ ಈ ಪಾಠಾಂತರ ಅಷ್ಟೇನೂ ವಿಚಿತ್ರವೆನಿಸಬಾರದು.) ತನ್ನನ್ನು ಹಳ್ಳದಿಂದ ಎತ್ತಿದ ಕರುಳೊಂದಿದೆಯೆಂಬ ಅರಿವು ವಿಶ್ವಾಸ. ಪ್ರತಿದಿನ ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಜಕರೀಯನ ಗೀತೆಯನ್ನು ಹೇಳುವ ಯಾಜಕರಾದ ನಾವು ದೇವರ ಆ ಒಡಲನ್ನೇ ಹೆಸರಿಸುತ್ತಿದ್ದೇವೆ, ಹೆಚ್ಚಿನ ದಿನ ನಿದ್ದೆಗಣ್ಣಿನಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ, ಕರುಳು ಎಂದರೆ ಉಕ್ಕಿ ಹರಿಯುವ ಭಾವುಕತೆಯೆಂದು ಯಾರೂ ತಿಳಿಯದಿರಲಿ. ಆ ಒಂದು ಪದದ ಹಿಂದೆಯೇ ಲೂಕನು ಕ್ರಿಯಾಪದಗಳ ಸಾಲನ್ನೇ ಇಟ್ಟಿದ್ದಾನೆ: ಹತ್ತಿರ ಬಂದ, ಗಾಯ ಕಟ್ಟಿದ, ಎಣ್ಣೆ ಮತ್ತು ದ್ರಾಕ್ಷಾರಸ ಸುರಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ತಂದ, ಆರೈಕೆ ಮಾಡಿದ. ಮಾರನೆಯ ದಿನ ಎರಡು ದೆನಾರಿ ನಾಣ್ಯ, ಅಂದರೆ ಕೂಲಿಯವನ ಎರಡು ದಿನದ ಸಂಬಳ, ಕೊಟ್ಟು, ಹೆಚ್ಚಾದರೆ ಬಂದಾಗ ಕೊಡುತ್ತೇನೆಂದು ಹೇಳಿ ತನ್ನ ಪ್ರಯಾಣ ಮುಂದುವರಿಸಿದ. ಅವನ ಕೆಲಸ ನಿಲ್ಲಲಿಲ್ಲ, ಲೆಕ್ಕವೂ ತಪ್ಪಲಿಲ್ಲ. ಬಿದ್ದವನ ಕೃತಜ್ಞತೆಗಾಗಿ ಅವನು ಕಾದು ಕೂರಲಿಲ್ಲ. ಪೋಪ್ ಫ್ರಾನ್ಸಿಸ್ 2020ರ ತಮ್ಮ ವಿಶ್ವಪತ್ರದ ಎರಡನೆಯ ಅಧ್ಯಾಯವನ್ನೆಲ್ಲ ಈ ದಾರಿಹೋಕನಿಗೆ ಮೀಸಲಿಟ್ಟಾಗ ಅವನು ಕೊಟ್ಟ ಸಮಯಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿಯೇ.

ಅನುವಾದವನ್ನು ಈಗಲೇ ಬದಲಿಸಬೇಕೆ? ಲೂಕನ ಮೂರು ಸ್ಥಳಗಳಲ್ಲಾದರೂ, ಫಿಲೆಮೋನನ 12ನೆಯ ವಚನದಲ್ಲಾದರೂ ಬದಲಿಸಬೇಕೆಂಬುದು ನನ್ನ ಅಭಿಪ್ರಾಯ. ಕನಿಕರ ತಪ್ಪು ಪದವೆಂದಲ್ಲ, ಸುರಕ್ಷಿತ ಪದವೆಂಬುದರಿಂದ. ಪರಿಷ್ಕರಣೆಗೆ ಕಾಲ ಹಿಡಿಯುತ್ತದೆ, ಪ್ರಬೋಧನೆಗೆ ಹಿಡಿಯುವುದಿಲ್ಲ.

ಕಳೆದ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳಿಗೆ ಲೂಕ 10:33ನ್ನು ಗ್ರೀಕಿನಿಂದ ಅನುವಾದಿಸಲು ಕೊಟ್ಟಿದ್ದೆ. ಒಂದು ಉತ್ತರಪತ್ರಿಕೆಯಲ್ಲಿ 'ಕರುಳು' ಎಂದು ಬರೆದು, ಅದರ ಮೇಲೆ ಗೆರೆಯೆಳೆದು, ಪಕ್ಕದಲ್ಲಿ ಅಂದವಾಗಿ 'ಕನಿಕರಪಟ್ಟನು' ಎಂದು ತಿದ್ದಿತ್ತು. ಕರೆದು ಕೇಳಿದೆ. "ಪೀಠದಿಂದ ಓದುವಾಗ ಚೆನ್ನಾಗಿರುವುದಿಲ್ಲವೇನೋ ಅನ್ನಿಸಿತು" ಎಂದ. ನಾನು ಗೆರೆಯೆಳೆದ ಪದಕ್ಕೆ ಅಂಕ ಕೊಟ್ಟೆ.